ಕದನ ವಿರಾಮದ ಕರಡು: ಮೊದಲ ಸಂಪರ್ಕದಿಂದ ಸಹಿಯ ತನಕ, ಹಂತ ಹಂತವಾಗಿ

ಅಂತರರಾಷ್ಟ್ರೀಯ ಕಾನೂನು ಓದುವವರು ಅಣಕು ಸಂಧಾನಗಳಿಗೆ ಬರೆದು ತರುವ ಕದನ ವಿರಾಮದ ಕರಡುಗಳು ಬಹುತೇಕ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಮೊದಲ ಪುಟದಲ್ಲಿ ಆಕ್ರಮಣಕಾರ ಯಾರೆಂಬ ತೀರ್ಪು ಇರುತ್ತದೆ, ಎರಡನೆಯ ಪುಟದಲ್ಲಿ ಗಡಿಯ ಶಾಶ್ವತ ಇತ್ಯರ್ಥ ಇರುತ್ತದೆ, ಗುಂಡು ನಿಲ್ಲಬೇಕಾದ ಗಂಟೆ ಮಾತ್ರ ಕೊನೆಯ ಪುಟದ ಅಡಿಯಲ್ಲೆಲ್ಲೋ ಸಿಗುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಬರೆದವರಿಗೆ ಕಾನೂನು ಗೊತ್ತಿಲ್ಲವೆಂದಲ್ಲ, ಅವರಿಗೆ ತಪ್ಪುವುದು ಕೆಲಸದ ಅನುಕ್ರಮ. ಈ ಮಾರ್ಗದರ್ಶಿ ಆ ಅನುಕ್ರಮದ ಕುರಿತದ್ದು.

ಉದ್ದಕ್ಕೂ ಆಧಾರವಾಗಿ ಇಟ್ಟುಕೊಂಡಿರುವುದು 1950ರಿಂದ 1953ರವರೆಗಿನ ಕೊರಿಯಾ ಯುದ್ಧವನ್ನು. ಒಂದು ಕಡೆ ಉತ್ತರ ಕೊರಿಯಾ ಮತ್ತು ಚೀನಾ, ಇನ್ನೊಂದು ಕಡೆ ದಕ್ಷಿಣ ಕೊರಿಯಾ ಮತ್ತು ಅಮೆರಿಕದ ನೇತೃತ್ವದ ವಿಶ್ವಸಂಸ್ಥೆಯ ಪಡೆಗಳು ಕಾದಿದ ಯುದ್ಧ ಅದು. ಅಲ್ಲಿ ಕೆಡಬಹುದಾದದ್ದೆಲ್ಲ ಕೆಟ್ಟಿತು, ಆದರೂ ಕೊನೆಗೆ ಸಹಿಯಾದ ಪಠ್ಯ ಏಳು ದಶಕ ದಾಟಿ ನಿಂತಿದೆ. ಹೀಗಾಗಿ ಯಾವ ಕಲಮು ಹಿಡಿಯಿತು, ಯಾವುದು ಸಡಿಲವಾಯಿತು ಎಂಬುದನ್ನು ನೋಡಿ ತಿಳಿಯಬಹುದು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಮತ್ತು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಆ ಕಥೆಯ ಎರಡು ಮುಖ್ಯ ತಿರುವುಗಳಲ್ಲಿ ಇದ್ದವರು.

ಕೈಯಲ್ಲಿ ಇರಬೇಕಾದವು

ನಾಲ್ಕು ಕಾನೂನು ಪಠ್ಯಗಳು ಮೇಜಿನ ಮೇಲಿರಲಿ. ವಿಶ್ವಸಂಸ್ಥೆಯ ಸನ್ನದಿನ 2, 33, 40 ಮತ್ತು 51ನೆಯ ವಿಧಿಗಳು. 1907ರ ಹೇಗ್ ನಿಯಮಾವಳಿಯ 36ರಿಂದ 41ರವರೆಗಿನ ವಿಧಿಗಳು. 1949ರ ಜಿನೀವಾ ಒಪ್ಪಂದಗಳು, ಅವುಗಳಲ್ಲೂ ನಾಲ್ಕಕ್ಕೂ ಸಮಾನವಾದ 3ನೆಯ ವಿಧಿ ಮತ್ತು ಮೂರನೆಯ ಒಪ್ಪಂದದ 118ನೆಯ ವಿಧಿ. ಕೊನೆಯದಾಗಿ ಒಪ್ಪಂದಗಳ ಕಾನೂನಿಗೆ ಸಂಬಂಧಿಸಿದ 1969ರ ವಿಯೆನ್ನಾ ಒಡಂಬಡಿಕೆಯ 52ನೆಯ ವಿಧಿ. ಹೇಗ್ ನಿಯಮಾವಳಿ ಹಳೆಯದೆಂದು ಬಿಟ್ಟುಬಿಡುವವರೇ ಹೆಚ್ಚು. ಕದನ ವಿರಾಮದ ಬಗ್ಗೆ ನೇರವಾಗಿ ಮಾತಾಡುವ ವಿಧಿಗಳು ಇರುವುದು ಅದರಲ್ಲೇ.

ಇವಲ್ಲದೆ ಎರಡೂ ಪಕ್ಷಗಳು ಒಪ್ಪುವ ಒಂದು ನಕ್ಷೆ, ಎರಡೂ ಕಡೆಯ ಸಶಸ್ತ್ರ ಗುಂಪುಗಳ ಪೂರ್ಣ ಪಟ್ಟಿ, ಮತ್ತು ಒಪ್ಪಂದ ಯಾವ ಯಾವ ಭಾಷೆಗಳಲ್ಲಿ ಆಗಲಿದೆಯೋ ಆ ಭಾಷೆಗಳ ಪಾರಿಭಾಷಿಕ ಪದಗಳ ಒಂದು ಟಿಪ್ಪಣಿ ಪುಸ್ತಕ ಬೇಕು.

ಹಂತ 1: ಮಾತು ತಲುಪುವ ದಾರಿಯನ್ನು ಪರೀಕ್ಷಿಸುವುದು

1950ರ ಅಕ್ಟೋಬರ್ ಆರಂಭದ ಒಂದು ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಪಡೆಗಳು ಯುದ್ಧಕ್ಕೆ ಮೊದಲು ಎರಡೂ ಕೊರಿಯಾಗಳ ಗಡಿಯಾಗಿದ್ದ 38ನೆಯ ಅಕ್ಷಾಂಶ ದಾಟಿ ಉತ್ತರಕ್ಕೆ ಬಂದರೆ ಚೀನಾ ಕೈಕಟ್ಟಿ ಕೂರುವುದಿಲ್ಲ ಎಂದು ತಿಳಿಸಿದರು. ಮಾತು ದೆಹಲಿಯ ಮೂಲಕ ವಾಷಿಂಗ್ಟನ್ ತಲುಪಿತು, ಆದರೆ ಅಲ್ಲಿದ್ದವರಿಗೆ ಪಣಿಕ್ಕರ್ ಮೇಲೆ ನಂಬಿಕೆಯಿರಲಿಲ್ಲವಾದ್ದರಿಂದ ಅದನ್ನು ಬೆದರಿಕೆಯ ಆಟವೆಂದು ಬದಿಗಿಟ್ಟರು. ಕೆಲವೇ ವಾರಗಳಲ್ಲಿ ಚೀನಾದ ಸೇನೆ ಕೊರಿಯಾದೊಳಗಿತ್ತು.

ಆದ್ದರಿಂದ ಮಧ್ಯವರ್ತಿಯನ್ನು ಆರಿಸುವಾಗ ಕಳುಹಿಸುವವರ ವಿಶ್ವಾಸವಷ್ಟೇ ಸಾಲದು, ಕೇಳಿಸಿಕೊಳ್ಳುವವರ ವಿಶ್ವಾಸವೂ ಬೇಕು. ಜತೆಗೆ, ಮಾತುಕತೆ ಮುರಿದುಬಿದ್ದರೆ ನಡೆದೇ ಇಲ್ಲವೆನ್ನುವ ಅವಕಾಶ ಇಬ್ಬರಿಗೂ ಉಳಿದಿರಬೇಕು. 1951ರ ಮೇ ಕೊನೆ ಮತ್ತು ಜೂನ್ ಮೊದಲ ವಾರದಲ್ಲಿ ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್ ವಿಶ್ವಸಂಸ್ಥೆಯಲ್ಲಿನ ಸೋವಿಯತ್ ಪ್ರತಿನಿಧಿ ಯಾಕೊವ್ ಮಲಿಕ್ ಅವರನ್ನು ಖಾಸಗಿಯಾಗಿ ಕಂಡದ್ದು ಈ ಬಗೆಯದು. ಜೂನ್ 23ರಂದು ಮಲಿಕ್ ರೇಡಿಯೊ ಭಾಷಣದಲ್ಲಿ ಕದನ ವಿರಾಮದ ಮಾತೆತ್ತಿದರು, ಜುಲೈ 10ಕ್ಕೆ ಸೇನಾ ಪ್ರತಿನಿಧಿಗಳು ಎದುರುಬದುರು ಕುಳಿತರು.

ದಾರಿ ಗಟ್ಟಿಯಿದೆಯೇ ಎಂದು ನೋಡಲು ಮೊದಲು ಚಿಕ್ಕ ವಿಷಯವನ್ನು ಕಳುಹಿಸಿ. ಶವಗಳ ಹಸ್ತಾಂತರ, ಗಾಯಾಳುಗಳ ವಿನಿಮಯ, ಒಂದು ರಸ್ತೆಯನ್ನು ಕೆಲವು ಗಂಟೆ ತೆರೆಯುವುದು ಇಂಥವು. 1952ರ ಅಕ್ಟೋಬರ್‌ನಲ್ಲಿ ನಿಂತುಹೋಗಿದ್ದ ಮಾತುಕತೆ 1953ರ ಏಪ್ರಿಲ್‌ನಲ್ಲಿ ಮತ್ತೆ ಚಿಗುರಿದ್ದು ರೋಗಿಗಳೂ ಗಾಯಾಳುಗಳೂ ಆಗಿದ್ದ ಯುದ್ಧಕೈದಿಗಳ ವಿನಿಮಯದಿಂದ. ಚಿಕ್ಕ ವಿಷಯದಲ್ಲೇ ಮಾತು ತಪ್ಪುವ ಪಕ್ಷದೊಂದಿಗೆ ರೇಖೆಯ ಚರ್ಚೆಗೆ ಇಳಿಯಬೇಡಿ.

ಹಂತ 2: ವೇದಿಕೆಯನ್ನು ಆರಿಸಿ, ತೀರ್ಪನ್ನು ಹೊರಗಿಡುವುದು

ಸನ್ನದಿನ 33ನೆಯ ವಿಧಿ ಸಂಧಾನ, ತನಿಖೆ, ಮಧ್ಯಸ್ಥಿಕೆ, ರಾಜಿ, ಪಂಚಾಯ್ತಿ, ನ್ಯಾಯಾಲಯ ಎಂದು ಅನೇಕ ದಾರಿಗಳನ್ನು ಹೇಳುತ್ತದೆ. ಎಲ್ಲವನ್ನೂ ಒಂದೇ ಕರಡಿನಲ್ಲಿ ತುರುಕುವುದು ಸಾಮಾನ್ಯ ತಪ್ಪು. ಪ್ರತಿ ವೇದಿಕೆಯ ಬಾಗಿಲೂ ಬೇರೆ, ಬೀಗವೂ ಬೇರೆ.

ಭದ್ರತಾ ಮಂಡಳಿಯ ಬೀಗ ವಿಟೊ. 1950ರ ಜೂನ್ 25ರಂದು ಕೊರಿಯಾದ ಬಗ್ಗೆ 82ನೆಯ ನಿರ್ಣಯ ಅಂಗೀಕಾರವಾದದ್ದು, ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನ ಯಾವ ಸರ್ಕಾರಕ್ಕೆ ಸೇರಬೇಕೆಂಬ ವಿವಾದದಿಂದಾಗಿ ಸೋವಿಯತ್ ಒಕ್ಕೂಟ ಸಭೆಗಳನ್ನು ಬಹಿಷ್ಕರಿಸಿದ್ದ ಕಾರಣಕ್ಕೆ. ಆಗಸ್ಟ್‌ನಲ್ಲಿ ಅದು ಮರಳಿದ ಮೇಲೆ ಆ ದಾರಿ ಮುಚ್ಚಿತು, ವಿಷಯ ಸಾಮಾನ್ಯ ಸಭೆಗೆ ಹೋಯಿತು. ಸಾಮಾನ್ಯ ಸಭೆ ಶಿಫಾರಸು ಮಾಡಬಲ್ಲದು, ಕಡ್ಡಾಯ ಮಾಡಲಾರದು. ಅಂತರರಾಷ್ಟ್ರೀಯ ನ್ಯಾಯಾಲಯದ ಬೀಗ ಒಪ್ಪಿಗೆ: ಎರಡೂ ದೇಶಗಳು ಅದರ ಅಧಿಕಾರವನ್ನು ಯಾವುದಾದರೂ ರೀತಿಯಲ್ಲಿ ಒಪ್ಪಿರಬೇಕು. ಒಪ್ಪಿದ್ದರೆ ಅದು ತುರ್ತಾಗಿ ತಾತ್ಕಾಲಿಕ ಕ್ರಮಗಳನ್ನು ವಿಧಿಸಬಹುದು, ಅವು ಕಡ್ಡಾಯವೆಂದು 2001ರ ಲಾಗ್ರಾಂಡ್ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ಪ್ರೇಹ್ ವಿಹಾರ್ ದೇಗುಲದ ಸುತ್ತ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗುಂಡು ಹಾರಿಸಿಕೊಂಡಾಗ, 2011ರ ಜುಲೈ 18ರಂದು ನ್ಯಾಯಾಲಯ ತಾತ್ಕಾಲಿಕ ಸೇನಾರಹಿತ ವಲಯವೊಂದನ್ನು ಗುರುತಿಸಿ ಎರಡೂ ಕಡೆಯವರು ಅಲ್ಲಿಂದ ಹಿಂದೆ ಸರಿಯಬೇಕೆಂದು ಆದೇಶಿಸಿತು.

ವೇದಿಕೆ ಯಾವುದೇ ಇರಲಿ, ಮೊದಲ ಕಲಮನ್ನು ಸನ್ನದಿನ 40ನೆಯ ವಿಧಿಯಿಂದ ಎತ್ತಿಕೊಳ್ಳಿ. ತಾತ್ಕಾಲಿಕ ಕ್ರಮಗಳು ಪಕ್ಷಗಳ ಹಕ್ಕು, ಬೇಡಿಕೆ ಮತ್ತು ನಿಲುವುಗಳಿಗೆ ಧಕ್ಕೆ ತರುವುದಿಲ್ಲ ಎಂಬ ಮಾತು ಅದರಲ್ಲಿದೆ. ಬಂಡಾಯ ಗುಂಪಿನೊಂದಿಗೆ ಸರ್ಕಾರ ಮಾತಾಡುತ್ತಿದ್ದರೆ ಜಿನೀವಾ ಒಪ್ಪಂದಗಳ 3ನೆಯ ವಿಧಿಯ ಕೊನೆಯ ವಾಕ್ಯವನ್ನೂ ಸೇರಿಸಿ. ಅದರ ಪಾಲನೆಯಿಂದ ಪಕ್ಷಗಳ ಕಾನೂನು ಸ್ಥಾನಮಾನ ಬದಲಾಗುವುದಿಲ್ಲವೆಂದು ಅದು ಹೇಳುತ್ತದೆ. ಸಹಿ ಹಾಕಿದರೆ ಎದುರಾಳಿಗೆ ಮಾನ್ಯತೆ ಕೊಟ್ಟಂತಾಗುತ್ತದೆ ಎಂಬ ಭಯವೇ ಎಷ್ಟೋ ಸರ್ಕಾರಗಳನ್ನು ಮೇಜಿನಿಂದ ದೂರವಿಡುತ್ತದೆ. ಅದಕ್ಕೆ ಇದು ಮದ್ದು.

ಇನ್ನು ತೀರ್ಪಿನ ವಿಷಯ. 1950ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಕದನ ವಿರಾಮದ ಆಧಾರಗಳನ್ನು ಹುಡುಕಲು ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ಭಾರತದ ಬಿ.ಎನ್. ರಾವ್ ಅವರ ಮೂವರ ಗುಂಪನ್ನು ನೇಮಿಸಿತು. ಮೊದಲು ಕದನ ವಿರಾಮ, ಆಮೇಲೆ ರಾಜಕೀಯ ಮಾತುಕತೆ ಎಂಬ ಅವರ ಕ್ರಮವನ್ನು ಚೀನಾ ಒಪ್ಪಲಿಲ್ಲ. 1951ರ ಫೆಬ್ರವರಿ 1ರಂದು ಸಭೆಯು 498ನೆಯ ನಿರ್ಣಯದ ಮೂಲಕ ಚೀನಾವನ್ನು ಆಕ್ರಮಣಕಾರನೆಂದು ಕರೆಯಿತು, ಭಾರತ ಅದರ ವಿರುದ್ಧ ಮತ ಹಾಕಿತು. ಆ ಹಣೆಪಟ್ಟಿ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ, ಅದರಿಂದ ಒಂದು ಬಂದೂಕೂ ಕೆಳಗಿಳಿಯಲಿಲ್ಲವೆಂಬುದು ನಿಜ. ಐದು ತಿಂಗಳ ನಂತರ ಮಾತುಕತೆ ಆರಂಭವಾದಾಗ ಮೇಜಿನ ಎರಡೂ ಬದಿಯಲ್ಲಿ ಸೇನಾಧಿಕಾರಿಗಳಿದ್ದರು, ತೀರ್ಪು ಕೊಡುವವರು ಯಾರೂ ಇರಲಿಲ್ಲ.

ತೀರ್ಪನ್ನು ಹೊರಗಿಡುವುದೆಂದರೆ ಅಪರಾಧವನ್ನು ಅಳಿಸುವುದಲ್ಲ. ಇಲ್ಲಿ ಕರಡು ಬರೆಯುವವರು ಇನ್ನೊಂದು ತುದಿಗೆ ಜಾರುತ್ತಾರೆ. ಎಲ್ಲರಿಗೂ ಸಂಪೂರ್ಣ ಕ್ಷಮಾದಾನ ಬರೆದುಬಿಡುತ್ತಾರೆ. 1999ರ ಜುಲೈನಲ್ಲಿ ಸಿಯೆರಾ ಲಿಯೋನ್‌ನ ಲೊಮೆ ಒಪ್ಪಂದದಲ್ಲಿ ಅಂಥ ಕಲಮು ಇದ್ದುದರಿಂದ ವಿಶ್ವಸಂಸ್ಥೆಯ ಪ್ರತಿನಿಧಿ, ನರಮೇಧ, ಮಾನವತೆಯ ವಿರುದ್ಧದ ಅಪರಾಧ ಮತ್ತು ಯುದ್ಧಾಪರಾಧಗಳಿಗೆ ಈ ಕ್ಷಮೆ ಅನ್ವಯಿಸದು ಎಂಬ ತಕರಾರನ್ನು ದಾಖಲಿಸಿ ಸಹಿ ಹಾಕಬೇಕಾಯಿತು. ಕ್ಷಮೆಯ ಕಲಮೂ ಬೇಡ, ಶಿಕ್ಷೆಯ ಕಲಮೂ ಬೇಡ. ಅವುಗಳ ಜಾಗ ಬೇರೆ ದಾಖಲೆ.

ಹಂತ 3: ಸ್ಥಳ ಮತ್ತು ಕಾರ್ಯಸೂಚಿ

ವಿಶ್ವಸಂಸ್ಥೆಯ ಪಡೆಗಳ ದಂಡನಾಯಕ ಮ್ಯಾಥ್ಯೂ ರಿಡ್ಜ್‌ವೇ ಮೊದಲು ಸೂಚಿಸಿದ್ದು ವೊನ್ಸಾನ್ ಬಂದರಿನಲ್ಲಿ ಲಂಗರು ಹಾಕಿದ ಡೆನ್ಮಾರ್ಕಿನ ಆಸ್ಪತ್ರೆ ಹಡಗನ್ನು. ಎದುರಾಳಿಗಳು ಕೇಸಾಂಗ್ ಪಟ್ಟಣವೆಂದರು, ಆತುರದಲ್ಲಿ ಅದಕ್ಕೆ ಒಪ್ಪಲಾಯಿತು. ಆ ಪಟ್ಟಣ ಒಂದು ಪಕ್ಷದ ಹಿಡಿತದಲ್ಲಿತ್ತು. ಸಭೆಯ ಕಟ್ಟಡದ ಬಳಿ ಶಸ್ತ್ರಧಾರಿ ಸೈನಿಕರು ಹಾದುಹೋದರೆಂಬ ತಕರಾರು, ತಟಸ್ಥ ವಲಯದ ಮೇಲೆ ಬಾಂಬ್ ಹಾಕಲಾಯಿತೆಂಬ ಪ್ರತಿ ತಕರಾರು ಇವೇ ಮುಂದುವರಿದು ಆಗಸ್ಟ್ 23ರಿಂದ ಎರಡು ತಿಂಗಳು ಮಾತುಕತೆ ನಿಂತಿತು. ಅಕ್ಟೋಬರ್ 25ರಂದು ಎರಡು ಸೇನೆಗಳ ನಡುವಿನ ಪಾನ್‌ಮುನ್‌ಜೋಮ್ ಹಳ್ಳಿಗೆ ಸ್ಥಳಾಂತರಗೊಂಡ ಮೇಲಷ್ಟೇ ಅದು ಹಳಿಗೆ ಬಂದದ್ದು. ಸ್ಥಳದ ವಿಷಯದಲ್ಲಿ ಉಳಿಸಿದ ಎರಡು ದಿನ ಆಮೇಲೆ ಎರಡು ತಿಂಗಳನ್ನು ನುಂಗುತ್ತದೆ.

ಕಾರ್ಯಸೂಚಿಯಲ್ಲಿ ವಿಷಯದ ಹೆಸರಿರಲಿ, ಉತ್ತರ ಬೇಡ. '38ನೆಯ ಅಕ್ಷಾಂಶವನ್ನು ರೇಖೆಯಾಗಿ ಒಪ್ಪುವುದು' ಎಂದು ಬರೆದರೆ ಚರ್ಚೆಗೆ ಮೊದಲೇ ಸೋಲುಗೆಲುವು ನಿರ್ಧಾರವಾಗುತ್ತದೆ; 'ಸೇನಾ ವಿಭಜನಾ ರೇಖೆಯನ್ನು ನಿಗದಿ ಮಾಡುವುದು' ಎಂದರೆ ಇಬ್ಬರೂ ಕೂರಬಹುದು. ಅಲ್ಲಿ ಆದದ್ದೂ ಇದೇ. ವಿದೇಶಿ ಸೇನೆಗಳು ಹೊರಹೋಗಬೇಕೆಂಬ ಬೇಡಿಕೆಯನ್ನು 'ಸರ್ಕಾರಗಳಿಗೆ ಶಿಫಾರಸುಗಳು' ಎಂಬ ಐದನೆಯ ಅಂಶದ ಕೆಳಗೆ ಸರಿಸಿ, 1951ರ ಜುಲೈ 26ರಂದು ಐದು ಅಂಶಗಳ ಪಟ್ಟಿಗೆ ಒಪ್ಪಿದರು.

ಹಂತ 4: ರೇಖೆ

ಇದು ಅತಿ ಹೆಚ್ಚು ಸಮಯ ಬೇಡುವ, ಆದರೆ ಕರಡುಗಳಲ್ಲಿ ಅತಿ ಕಡಿಮೆ ಜಾಗ ಪಡೆಯುವ ಭಾಗ. 'ಪಡೆಗಳು ಯುದ್ಧಪೂರ್ವ ಸ್ಥಾನಗಳಿಗೆ ಮರಳತಕ್ಕದ್ದು' ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಯುದ್ಧಪೂರ್ವ ಸ್ಥಾನ ಯಾವುದೆಂಬುದೇ ಜಗಳದ ಮೂಲವಾಗಿರುತ್ತದೆ ಎಂಬುದು ನೆನಪಿರುವುದಿಲ್ಲ.

ಮೊದಲ ಆಯ್ಕೆ ಸೇನೆಗಳು ಈಗ ಮುಖಾಮುಖಿಯಾಗಿರುವ ಸಂಪರ್ಕ ರೇಖೆಯೇ ಆಗಿರಲಿ. ಅದನ್ನು ಕಣ್ಣಿನಿಂದ ಪರಿಶೀಲಿಸಬಹುದು. ಕೊರಿಯಾದಲ್ಲಿ 1951ರ ನವೆಂಬರ್ 27ರಂದು ಈ ತತ್ತ್ವಕ್ಕೆ ಒಪ್ಪಿಗೆಯಾಯಿತು, ಮೂವತ್ತು ದಿನಗಳಲ್ಲಿ ಉಳಿದ ಅಂಶಗಳೂ ಮುಗಿದರೆ ಅದೇ ಅಂತಿಮ, ಇಲ್ಲದಿದ್ದರೆ ಸಹಿಯ ದಿನದ ಸಂಪರ್ಕ ರೇಖೆಗೆ ತಕ್ಕಂತೆ ತಿದ್ದುಪಡಿ ಎಂಬ ಷರತ್ತಿನೊಂದಿಗೆ. ಗಡುವು ಇಟ್ಟದ್ದು ಒಳ್ಳೆಯದೇ ಆದರೂ, ತಿದ್ದುಪಡಿಗೆ ಬಾಗಿಲು ತೆರೆದಿಟ್ಟದ್ದರಿಂದ ಗುಡ್ಡಗಳಿಗಾಗಿನ ಕಾದಾಟ 1953ರ ಜುಲೈವರೆಗೂ ನಡೆಯಿತು. ನಿಮ್ಮ ಕರಡಿನಲ್ಲಿ ಇಂಥ ಷರತ್ತು ಅನಿವಾರ್ಯವಾದರೆ, ಆ ದಿನಾಂಕದ ನಂತರ ವಶಪಡಿಸಿಕೊಂಡ ನೆಲ ಲೆಕ್ಕಕ್ಕಿಲ್ಲ ಎಂದು ಸ್ಪಷ್ಟವಾಗಿ ಸೇರಿಸಿ.

ರೇಖೆಯನ್ನು ಕೊನೆಯ ತುದಿಯವರೆಗೆ ಎಳೆಯಿರಿ. 1949ರ ಜುಲೈ 27ರ ಕರಾಚಿ ಒಪ್ಪಂದ ಕಾಶ್ಮೀರದ ಕದನ ವಿರಾಮ ರೇಖೆಯನ್ನು ಊರು, ನದಿ, ಶಿಖರಗಳ ಹೆಸರಿನೊಂದಿಗೆ ವಿವರಿಸುತ್ತಾ ಹೋಗಿ, ಕೊನೆಯಲ್ಲಿ 'ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ' ಎಂದು ಕೈಬಿಟ್ಟಿತು. ಅಷ್ಟು ಎತ್ತರಕ್ಕೆ ಯಾರು ಹೋಗುತ್ತಾರೆಂಬ ಭಾವನೆ ಆಗ ಇದ್ದಿರಬೇಕು. 1972ರಲ್ಲಿ ನಿಯಂತ್ರಣ ರೇಖೆಯನ್ನು ನಕ್ಷೆಗಿಳಿಸಿದಾಗಲೂ ಅದು ಎನ್‌ಜೆ 9842 ಎಂಬ ಬಿಂದುವಿನಲ್ಲಿ ನಿಂತಿತು. 1984ರ ಏಪ್ರಿಲ್‌ನಿಂದ ಸಿಯಾಚಿನ್‌ನಲ್ಲಿ ಸೈನಿಕರು ತೆತ್ತ ಬೆಲೆ ಆ ಅರ್ಧ ಸಾಲಿನದು.

ಕೊರಿಯಾದ ಪಠ್ಯದಲ್ಲಿ ಇದೇ ತಪ್ಪು ಸಮುದ್ರದಲ್ಲಿ ಆಯಿತು. ನೆಲದ ಮೇಲೆ ರೇಖೆಯಿಂದ ಎರಡೂ ಕಡೆ ತಲಾ 2 ಕಿಲೋಮೀಟರ್ ಹಿಂದೆ ಸರಿದು 4 ಕಿಲೋಮೀಟರ್ ಅಗಲದ ಸೇನಾರಹಿತ ವಲಯವನ್ನು ನಿಖರವಾಗಿ ಗುರುತಿಸಿದ ಒಪ್ಪಂದ, ಪಶ್ಚಿಮ ಕರಾವಳಿಯ ಐದು ದ್ವೀಪ ಸಮೂಹಗಳು ಯಾರ ಹಿಡಿತದಲ್ಲಿರಬೇಕೆಂದು ಹೇಳಿತೇ ಹೊರತು ನೀರಿನ ಮೇಲೆ ರೇಖೆ ಎಳೆಯಲಿಲ್ಲ. ವಿಶ್ವಸಂಸ್ಥೆಯ ಪಡೆಗಳ ಕಡೆಯವರು ಆಮೇಲೆ ತಾವೇ ಒಂದು ಉತ್ತರ ಮಿತಿ ರೇಖೆಯನ್ನು ಎಳೆದುಕೊಂಡರು, ಉತ್ತರ ಕೊರಿಯಾ ಅದನ್ನು ಒಪ್ಪಲಿಲ್ಲ. 1999 ಮತ್ತು 2002ರ ನೌಕಾ ಕಾಳಗಗಳು, 2010ರ ಯೋನ್‌ಪ್ಯೊಂಗ್ ದ್ವೀಪದ ಮೇಲಿನ ಶೆಲ್ ದಾಳಿ ನಡೆದದ್ದು ಇದೇ ನೀರಿನಲ್ಲಿ.

ಪರೀಕ್ಷೆ ಸುಲಭ. ನಿಮ್ಮ ಪಠ್ಯವನ್ನು ಆ ಪ್ರದೇಶ ಕಂಡಿಲ್ಲದ ಇಬ್ಬರಿಗೆ ಬೇರೆಬೇರೆಯಾಗಿ ಕೊಟ್ಟು ಖಾಲಿ ನಕ್ಷೆಯ ಮೇಲೆ ರೇಖೆ ಎಳೆಯಲು ಹೇಳಿ. ಎರಡು ರೇಖೆಗಳು ಎಲ್ಲಿ ಅಗಲುತ್ತವೆಯೋ ಅಲ್ಲಿ ಮುಂದಿನ ಯುದ್ಧವಿದೆ. ಆಕಾಶ ಮತ್ತು ಸಮುದ್ರಕ್ಕೂ ಇದನ್ನೇ ಮಾಡಿ.

ಹಂತ 5: ಗಂಟೆ

ದಿನಾಂಕ, ಗಂಟೆ, ಯಾವ ದೇಶದ ಕಾಲಮಾನ ಮೂರನ್ನೂ ಬರೆಯಿರಿ. 'ತಕ್ಷಣದಿಂದ' ಎಂಬ ಪದವನ್ನು ಹೊಡೆದುಹಾಕಿ, ಏಕೆಂದರೆ ಆದೇಶ ಮುಂಚೂಣಿಯ ಕೊನೆಯ ಕಂದಕ ತಲುಪಲು ಸಮಯ ಬೇಕು. 1953ರ ಜುಲೈ 27ರ ಬೆಳಿಗ್ಗೆ 10 ಗಂಟೆಗೆ ಸಹಿಯಾದ ಒಪ್ಪಂದ ರಾತ್ರಿ 10ಕ್ಕೆ ಜಾರಿಗೆ ಬಂತು. ಮುಂದಿನ 72 ಗಂಟೆಗಳಲ್ಲಿ ಸೇನಾರಹಿತ ವಲಯ ಖಾಲಿಯಾಗಬೇಕಿತ್ತು.

ಅಂತರ ಹೆಚ್ಚಾದರೂ ಅಪಾಯವೇ. ಉಕ್ರೇನ್ ಕುರಿತ ಎರಡನೆಯ ಮಿನ್ಸ್ಕ್ ಒಪ್ಪಂದ 2015ರ ಫೆಬ್ರವರಿ 12ರಂದು ಆಯಿತು, ಜಾರಿ 15ರ ಮಧ್ಯರಾತ್ರಿಯಿಂದ. ಡೆಬಾಲ್ಟ್ಸೆವೆ ಪಟ್ಟಣ ಯಾರದೆಂಬುದು ಇತ್ಯರ್ಥವಾಗಿರಲಿಲ್ಲ, ಗಡುವು ದಾಟಿದ ಮೇಲೂ ಹೋರಾಟ ನಡೆದು ಪಟ್ಟಣ ಬಿದ್ದ ಮೇಲಷ್ಟೇ ಅಲ್ಲಿ ಸದ್ದಡಗಿತು. ಸಹಿಗೂ ಜಾರಿಗೂ ನಡುವೆ ಒಂದು ಪಕ್ಷ ಒಂದೇ ಜಾಗದಲ್ಲಿ ಫಿರಂಗಿಗಳನ್ನು ಒಟ್ಟುಗೂಡಿಸುತ್ತಿದ್ದರೆ ಅದೇ ಅಪಾಯದ ಮುನ್ಸೂಚನೆ.

ಹಂತ 6: ಉಸ್ತುವಾರಿ

'ತಟಸ್ಥ ವೀಕ್ಷಕರು' ಎಂದು ಬರೆದು ನಿಲ್ಲಿಸಬೇಡಿ. ತಟಸ್ಥರೆಂದರೆ ಯಾರು? ಸೋವಿಯತ್ ಒಕ್ಕೂಟವನ್ನು ತಟಸ್ಥ ದೇಶವೆಂದು ಒಪ್ಪಬೇಕೇ ಎಂಬ ಒಂದೇ ಪ್ರಶ್ನೆ ಪಾನ್‌ಮುನ್‌ಜೋಮ್‌ನಲ್ಲಿ ತಿಂಗಳುಗಳನ್ನು ತಿಂದಿತು. ಕೊನೆಗೆ ಕೊರಿಯಾದ ಕಾಳಗದಲ್ಲಿ ಯಾರ ಪಡೆಗಳು ಭಾಗವಹಿಸಿಲ್ಲವೋ ಅವರು ತಟಸ್ಥರು ಎಂಬ ವ್ಯಾಖ್ಯೆ ಬರೆದು, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾಗಳನ್ನು ಹೆಸರಿಸಿದರು. ತತ್ತ್ವ ಕುಂಟಿದಾಗ ಹೆಸರುಗಳನ್ನೇ ಬರೆಯುವುದು ಲೇಸು.

ವೀಕ್ಷಕರ ಜಾಗಗಳನ್ನೂ ಹೆಸರಿಸಬೇಕು. ಆ ಒಪ್ಪಂದ ಪ್ರತಿ ಕಡೆ ಸೈನಿಕರೂ ಶಸ್ತ್ರಾಸ್ತ್ರಗಳೂ ಒಳಬರುವ ಐದು ಪ್ರವೇಶ ದ್ವಾರಗಳನ್ನು ಗುರುತಿಸಿತು. ಆದರೆ ಸಮ ಸಂಖ್ಯೆಯ ಸದಸ್ಯರಿರುವ, ಸರಿಸಮ ಮತ ಬಿದ್ದರೆ ಮುಂದೇನೆಂದು ಹೇಳದ ಸಮಿತಿ ತನಿಖೆಯ ಹೊತ್ತಿಗೆ ಕಟ್ಟಿಹೋಗುತ್ತದೆ. 1956ರ ಹೊತ್ತಿಗೆ ಆ ದ್ವಾರಗಳಿಂದ ತಪಾಸಣಾ ತಂಡಗಳೇ ಹಿಂದೆ ಸರಿದವು. ಸಮಿತಿಯ ಸದಸ್ಯರ ಸಂಖ್ಯೆ ಬೆಸವಾಗಿರಲಿ, ಅಥವಾ ಅಧ್ಯಕ್ಷರಿಗೆ ನಿರ್ಣಾಯಕ ಮತವಿರಲಿ.

ಎರಡು ಸೇನೆಗಳ ನಡುವೆ ನೇರ ದೂರವಾಣಿ ಇರಲೇಬೇಕು. ಭಾರತ ಮತ್ತು ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು 2021ರ ಫೆಬ್ರವರಿಯಲ್ಲಿ ಇಂಥ ಸಂಪರ್ಕದ ಮೂಲಕವೇ ಮಾತಾಡಿ, 24 ಮತ್ತು 25ರ ನಡುವಿನ ಮಧ್ಯರಾತ್ರಿಯಿಂದ ನಿಯಂತ್ರಣ ರೇಖೆಯಲ್ಲಿ ಗುಂಡು ನಿಲ್ಲಿಸಲು ಒಪ್ಪಿದರು.

ಹಂತ 7: ಯುದ್ಧಕೈದಿಗಳು

ಕೊರಿಯಾದ ಮಾತುಕತೆಯನ್ನು ಸುಮಾರು ಒಂದೂವರೆ ವರ್ಷ ಕಟ್ಟಿಹಾಕಿದ್ದು ಈ ಒಂದೇ ಅಂಶ. ಸಕ್ರಿಯ ಕಾಳಗ ಮುಗಿದೊಡನೆ ಕೈದಿಗಳನ್ನು ವಿಳಂಬವಿಲ್ಲದೆ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳುಹಿಸಬೇಕೆಂದು ಮೂರನೆಯ ಜಿನೀವಾ ಒಪ್ಪಂದದ 118ನೆಯ ವಿಧಿ ಹೇಳುತ್ತದೆ. ಕೈದಿಯೇ ಹೋಗಲೊಲ್ಲೆ ಎಂದರೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. 1952ರ ಏಪ್ರಿಲ್‌ನಲ್ಲಿ, ತನ್ನ ವಶದಲ್ಲಿದ್ದವರಲ್ಲಿ ಸುಮಾರು 70,000 ಮಂದಿ ಮಾತ್ರ ಮರಳಲು ಸಿದ್ಧರಿದ್ದಾರೆಂದು ವಿಶ್ವಸಂಸ್ಥೆಯ ಕಡೆ ತಿಳಿಸಿದಾಗ ಮಾತುಕತೆ ಮುರಿಯುವ ಹಂತಕ್ಕೆ ಬಂತು. ಇಲ್ಲಿನ ಪಾಠವೆಂದರೆ, ಸಂಖ್ಯೆಯನ್ನು ಮೇಜಿಗೆ ತರುವ ಮುನ್ನ ಸಂಖ್ಯೆ ಹೇಗೆ ಬರಬೇಕೆಂಬ ವಿಧಾನಕ್ಕೆ ಒಪ್ಪಿಗೆ ಪಡೆಯಬೇಕು.

ಬಿಕ್ಕಟ್ಟನ್ನು ಬಿಡಿಸಿದ್ದು ಭಾರತ ಮಂಡಿಸಿದ ಸೂತ್ರ. 1952ರ ಡಿಸೆಂಬರ್ 3ರಂದು ಸಾಮಾನ್ಯ ಸಭೆ 610ನೆಯ ನಿರ್ಣಯವಾಗಿ ಅದನ್ನು ಅಂಗೀಕರಿಸಿತು. ಮರಳಲು ಒಪ್ಪದವರನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸಬೇಕು, ಬಲಪ್ರಯೋಗವಾಗದಂತೆ ಅವರ ನಿರ್ಧಾರ ತಿಳಿಯಬೇಕು ಎಂಬುದು ಅದರ ತಿರುಳು. ಆ ಕ್ಷಣಕ್ಕೆ ಚೀನಾ ಮತ್ತು ಸೋವಿಯತ್ ಒಕ್ಕೂಟ ತಿರಸ್ಕರಿಸಿದವು, ಆರು ತಿಂಗಳಲ್ಲಿ ಅದರ ಚೌಕಟ್ಟೇ ಒಪ್ಪಂದವಾಯಿತು. ತಿರಸ್ಕೃತ ಕರಡನ್ನು ಹರಿದು ಹಾಕಬಾರದು.

ಐದು ರಾಷ್ಟ್ರಗಳ ಆ ಆಯೋಗದ ಅಧ್ಯಕ್ಷರಾದವರು ತಿಮ್ಮಯ್ಯ. 22,600ಕ್ಕೂ ಹೆಚ್ಚು ಕೈದಿಗಳು ಒಂದು ಕಡೆಯಿಂದ, 359 ಮಂದಿ ಇನ್ನೊಂದು ಕಡೆಯಿಂದ ಭಾರತೀಯ ಪಡೆಯ ವಶಕ್ಕೆ ಬಂದರು. ಅವರವರ ದೇಶದ ಪ್ರತಿನಿಧಿಗಳು ಬಂದು ವಿವರಣೆ ನೀಡಲು 90 ದಿನಗಳ ಅವಕಾಶವಿತ್ತು. ಉಳಿದವರ ವಿಷಯವನ್ನು ರಾಜಕೀಯ ಸಮ್ಮೇಳನಕ್ಕೆ ಬಿಡಲಾಗಿತ್ತು, ಆದರೆ ಸಮ್ಮೇಳನವೇ ಅಷ್ಟರೊಳಗೆ ಸೇರಲಿಲ್ಲ. ತಿಮ್ಮಯ್ಯನವರು ಅವರನ್ನು ತಾವಾಗಿ ನಾಗರಿಕರೆಂದು ಘೋಷಿಸದೆ, 1954ರ ಜನವರಿಯಲ್ಲಿ ಮೊದಲು ಹಿಡಿದಿಟ್ಟಿದ್ದ ಕಡೆಗಳಿಗೇ ಮರಳಿ ಒಪ್ಪಿಸಿದರು. ಎರಡೂ ಕಡೆಗೆ ಬೇಡವೆಂದ 88 ಮಂದಿ ಭಾರತಕ್ಕೆ ಬಂದರು. ಒಂದು ಕಲಮಿನ ಪಾಲನೆ ಇನ್ನೂ ಹುಟ್ಟದ ಸಭೆಯ ಮೇಲೆ ನಿಂತಿದ್ದರೆ, ಆ ಸಭೆ ಸೇರದಿದ್ದರೆ ಏನೆಂಬುದನ್ನು ಅದೇ ಕಲಮಿನಲ್ಲಿ ಬರೆಯಿರಿ.

ಹಂತ 8: ಸಹಿ ಯಾರದು, ಹೊರಗುಳಿದವರು ಯಾರು

ಗುಂಡು ಹಾರಿಸುವ ಪ್ರತಿಯೊಬ್ಬರ ಮೇಲೂ ಆಜ್ಞಾಧಿಕಾರ ಇರುವವರು ಸಹಿ ಹಾಕಬೇಕು. ಕೊರಿಯಾದಲ್ಲಿ ಸಹಿ ಹಾಕಿದವರು ವಿಶ್ವಸಂಸ್ಥೆಯ ಪಡೆಗಳ ದಂಡನಾಯಕ ಮಾರ್ಕ್ ಕ್ಲಾರ್ಕ್, ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್, ಮತ್ತು ಚೀನೀ ಜನತಾ ಸ್ವಯಂಸೇವಕರು ಎಂಬ ಹೆಸರಿನಲ್ಲಿ ಕಾದಿದ ಚೀನಾದ ಸೇನೆಯ ದಂಡನಾಯಕ ಪೆಂಗ್ ದೆಹುವಾಯ್. ಸರ್ಕಾರಗಳ ಹೆಸರನ್ನು ಬದಿಗಿಟ್ಟು ಸೇನೆಗಳ ಹೆಸರಿನಲ್ಲಿ ಸಹಿ ಮಾಡಿಸಿದ್ದರಿಂದ ಮಾನ್ಯತೆಯ ತೊಡಕು ತಪ್ಪಿತು.

ದಕ್ಷಿಣ ಕೊರಿಯಾ ಸಹಿ ಹಾಕಲಿಲ್ಲ. ಮಾತುಕತೆ ಮುಗಿಯುತ್ತಿದ್ದ 1953ರ ಜೂನ್ 18ರಂದು ಅಧ್ಯಕ್ಷ ಸಿಂಗ್‌ಮನ್ ರೀ ಸುಮಾರು 27,000 ಕೈದಿಗಳನ್ನು ಏಕಪಕ್ಷೀಯವಾಗಿ ಬಿಟ್ಟುಬಿಟ್ಟರು, ಎಲ್ಲವೂ ಮುರಿಯುವಂತಾಯಿತು. ಅಮೆರಿಕ ರಕ್ಷಣಾ ಒಪ್ಪಂದದ ಭರವಸೆ ಕೊಟ್ಟ ಮೇಲೆ, ಸಹಿ ಹಾಕುವುದಿಲ್ಲ, ಅಡ್ಡಿಯೂ ಮಾಡುವುದಿಲ್ಲ ಎಂಬ ನಿಲುವಿಗೆ ಅವರು ಬಂದರು. ಸ್ವಂತ ಕಡೆಯ ಅತೃಪ್ತರೊಂದಿಗೆ ನಡೆಯಬೇಕಾದ ಈ ಎರಡನೆಯ ಸಂಧಾನಕ್ಕೆ ಕರಡುಗಾರರು ಸಮಯವನ್ನೇ ಮೀಸಲಿಡುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಕೊರಿಯಾದ ಪಠ್ಯ ಇಂಗ್ಲಿಷ್, ಕೊರಿಯನ್ ಮತ್ತು ಚೀನೀ ಭಾಷೆಗಳಲ್ಲಿ ಸಮಾನವಾಗಿ ಅಧಿಕೃತ. ಭದ್ರತಾ ಮಂಡಳಿಯ 1967ರ ನವೆಂಬರ್‌ನ 242ನೆಯ ನಿರ್ಣಯದಲ್ಲಿ ಇಸ್ರೇಲ್ ಎಷ್ಟು ಪ್ರದೇಶದಿಂದ ಹಿಂದೆ ಸರಿಯಬೇಕೆಂಬ ವಾದ ಫ್ರೆಂಚ್ ಪಾಠದಲ್ಲಿದ್ದು ಇಂಗ್ಲಿಷ್ ಪಾಠದಲ್ಲಿಲ್ಲದ ಒಂದು ಉಪಪದದ (ಇಂಗ್ಲಿಷಿನ 'ದಿ'ಯಂಥದರ) ಮೇಲೆ ಇಂದಿಗೂ ನಿಂತಿದೆ.

ಹಂತ 9: ಉಲ್ಲಂಘನೆ ಮತ್ತು ಅವಧಿ

ಮೊದಲ ವಾರದಲ್ಲಿ ಎಲ್ಲೋ ಗುಂಡು ಹಾರುತ್ತದೆ. ಅದನ್ನು ಮೊದಲೇ ಊಹಿಸಿ ಬರೆಯದಿದ್ದರೆ ಆ ಒಂದು ಗುಂಡೇ ಒಪ್ಪಂದವನ್ನು ಕೊಲ್ಲುತ್ತದೆ. ಹೇಗ್ ನಿಯಮಾವಳಿ ಇಲ್ಲಿ ಉಪಕಾರಿ. ಪಕ್ಷವೊಂದು ಗಂಭೀರವಾಗಿ ಉಲ್ಲಂಘಿಸಿದರೆ ಎದುರಾಳಿಗೆ ಒಪ್ಪಂದವನ್ನು ರದ್ದುಪಡಿಸುವ ಹಕ್ಕು ಬರುತ್ತದೆಂದು 40ನೆಯ ವಿಧಿ ಹೇಳಿದರೆ, ವ್ಯಕ್ತಿಗಳು ಸ್ವಂತ ಪ್ರೇರಣೆಯಿಂದ ಮಾಡಿದ ಉಲ್ಲಂಘನೆಗೆ ಅವರ ಶಿಕ್ಷೆಯನ್ನೂ ನಷ್ಟವಾಗಿದ್ದರೆ ಪರಿಹಾರವನ್ನೂ ಮಾತ್ರ ಕೇಳಬಹುದೆಂದು 41ನೆಯ ವಿಧಿ ಹೇಳುತ್ತದೆ. ಈ ಎರಡನ್ನು ಬೇರ್ಪಡಿಸುವ ಕೆಲಸ ಯಾರದು, ಎಷ್ಟು ಗಂಟೆಗಳಲ್ಲಿ ಆಗಬೇಕು, ಅಲ್ಲಿಯವರೆಗೆ ಪ್ರತಿದಾಳಿ ಇಲ್ಲ ಎಂಬ ಮೂರು ಸಾಲು ನಿಮ್ಮ ಕರಡಿನಲ್ಲಿ ಇರಬೇಕು.

ಅವಧಿಯನ್ನು ಬರೆಯದೆ ಬಿಟ್ಟರೆ ಅದೇ ನಿಯಮಾವಳಿಯ 36ನೆಯ ವಿಧಿಯಂತೆ, ಒಪ್ಪಿದ ಮುನ್ಸೂಚನೆ ಕೊಟ್ಟು ಯಾರು ಯಾವಾಗ ಬೇಕಾದರೂ ಕಾಳಗ ಆರಂಭಿಸಬಹುದು. ಕೊರಿಯಾದ ಕರಡುಗಾರರು ಈ ರಂಧ್ರವನ್ನು ಮುಚ್ಚಿದರು. 60ನೆಯ ಕಂಡಿಕೆಯಲ್ಲಿ ಮೂರು ತಿಂಗಳೊಳಗೆ ರಾಜಕೀಯ ಸಮ್ಮೇಳನ ನಡೆಯಲೆಂದು ಶಿಫಾರಸು ಮಾಡಿದರು. 62ನೆಯ ಕಂಡಿಕೆಯಲ್ಲಿ, ಪರಸ್ಪರ ಒಪ್ಪಿದ ತಿದ್ದುಪಡಿಯಿಂದಲೋ ಶಾಂತಿಯುತ ರಾಜಕೀಯ ಇತ್ಯರ್ಥದ ಒಪ್ಪಂದದಿಂದಲೋ ಸ್ಪಷ್ಟವಾಗಿ ಬದಲಾಗುವವರೆಗೆ ಇದರ ಕಲಮುಗಳು ಜಾರಿಯಲ್ಲಿರುತ್ತವೆ ಎಂದು ಸೇರಿಸಿದರು. ಸಮ್ಮೇಳನ ತಡವಾಗಿ 1954ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿ, ಜೂನ್‌ನಲ್ಲಿ ಏನೂ ಇತ್ಯರ್ಥವಾಗದೆ ಚದುರಿತು. ಅದು ಚದುರಿದ ದಿನವೂ 62ನೆಯ ಕಂಡಿಕೆ ಜಾರಿಯಲ್ಲಿತ್ತು.